ಪರ-ವಿರೋಧ: ಕ್ಲೌಡ್ ಸರ್ವರ್‌ಗಳಿಗೆ ಏಜೆಂಟ್ ಇಲ್ಲದ ಸ್ಕ್ಯಾನ್ ಒಂದೇ ಸಾಕೇ?

ಪರ

ಸರ್ವರ್‌ನೊಳಗೆ ಏಜೆಂಟ್ (ಒಳಗೇ ಕೂತು ಸರ್ವರ್ ಅನ್ನು ಪರೀಕ್ಷಿಸುವ ತಂತ್ರಾಂಶ) ಇನ್‌ಸ್ಟಾಲ್ ಮಾಡದೆ, ಅದರ ಡಿಸ್ಕ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಯಥಾಪ್ರತಿ) ತೆಗೆದು, ಆ ಪ್ರತಿಯನ್ನು ಬೇರೆ ಕಡೆ ಓದಿ ಭದ್ರತಾ ದೋಷಗಳನ್ನು ಪತ್ತೆಹಚ್ಚುವ ವಿಧಾನದ ಪರವಾಗಿ ಬರೆಯುವಂತೆ ಸಂಪಾದಕರು ಕೇಳಿದ್ದಾರೆ. ಎಲ್ಲ ಕಡೆಗೂ ಇದೊಂದೇ ಸಾಕೆಂದು ನಾನು ಹೇಳಲಾರೆ. ಆದರೆ ಮೊದಲ ಆಯ್ಕೆ ಇದೇ ಆಗಿರಬೇಕು. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಏಜೆಂಟಿಗೆ ಬಂದ ದೋಷಯುಕ್ತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಸ್ನ್ಯಾಪ್‌ಶಾಟ್ ಓದುವ ಸ್ಕ್ಯಾನರ್ ಕೆಟ್ಟರೆ ಆ ದಿನದ ವರದಿ ತಪ್ಪುತ್ತದೆ, ಸರ್ವರ್ ತನ್ನ ಪಾಡಿಗೆ ಓಡುತ್ತಿರುತ್ತದೆ.

ಹೊಂದಾಣಿಕೆಯ ವಿಷಯದಲ್ಲಿಯೂ ಹಾಗೆಯೇ. ಏಜೆಂಟ್ ಓಡಲು ಅದಕ್ಕೆ ಹೊಂದುವ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆವೃತ್ತಿ ಬೇಕು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಸೆಂಟ್‌ಒಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದ್ದರೂ ಅದರಲ್ಲಿ ನಡೆಯುವ ಸರ್ವರ್‌ಗಳು ಇನ್ನೂ ಇವೆ. ಅಂಥವುಗಳ ಪ್ಯಾಕೇಜ್ ಪಟ್ಟಿಯನ್ನು ಡಿಸ್ಕ್‌ನ ಪ್ರತಿಯಿಂದಲೇ ಓದಿಕೊಳ್ಳಬಹುದು. ಡಿಸ್ಕ್‌ನ ಎನ್‌ಕ್ರಿಪ್ಷನ್ (ಕೀಲಿಯಿಲ್ಲದೆ ಓದಲಾಗದಂತೆ ಮಾಡುವುದು) ಅಡ್ಡಿಯೆನ್ನುವವರು ಸ್ಕ್ಯಾನರ್‌ಗೆ ಕ್ಲೌಡ್‌ನ ಕೀಲಿ ಬಳಸಲು ಅನುಮತಿ ಕೊಟ್ಟರೆ ಸಾಕು.

ವಿರೋಧ

ಕೀಲಿ ಕ್ಲೌಡ್‌ನದಾಗಿದ್ದರೆ ಆ ಮಾತು ನಿಜ. ಸರ್ವರ್‌ನ ಒಳಗಿನಿಂದಲೇ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ವ್ಯವಸ್ಥೆ) ಬಳಸಿ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ಗೆ ಯಾವ ಅನುಮತಿ ಕೊಟ್ಟರೂ ಸ್ಕ್ಯಾನರ್‌ಗೆ ಸಿಗುವುದು ಅರ್ಥವಿಲ್ಲದ ಬೈಟ್‌ಗಳು ಮಾತ್ರ. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸುವ ವಿಧಾನಗಳಲ್ಲಿ ಎಕ್ಸ್‌ಟ್4, ಎಕ್ಸ್‌ಎಫ್‌ಎಸ್ ಓದುವ ಸ್ಕ್ಯಾನರ್ ಜೆಡ್‌ಎಫ್‌ಎಸ್ ಕಂಡರೆ ಕೈಚೆಲ್ಲಬಹುದು; ಹಲವು ಡಿಸ್ಕ್‌ಗಳನ್ನು ಸೇರಿಸಿ ಕಟ್ಟಿದ ರೇಡ್‌ನಲ್ಲಿ ಒಂದರ ಪ್ರತಿ ತಪ್ಪಿದರೂ ಉಳಿದವು ಉಪಯೋಗಕ್ಕೆ ಬಾರದೆ ಹೋಗಬಹುದು; ಯಂತ್ರ ನಿಂತೊಡನೆ ಅಳಿಸಿಹೋಗುವ ತಾತ್ಕಾಲಿಕ ಡಿಸ್ಕ್‌ಗಳಿಗಂತೂ ಸ್ನ್ಯಾಪ್‌ಶಾಟ್ ಎಂಬುದೇ ಇಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೊಂದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಡೇಟಾಬೇಸ್ ಸರ್ವರ್‌ಗೆ ಹೊಸ ಕರ್ನಲ್ ಹಾಕಿದ್ದರು, ರೀಬೂಟ್‌ಗೆ ಮಾತ್ರ ಯಾರೂ ಒಪ್ಪಿರಲಿಲ್ಲ. ಡಿಸ್ಕ್‌ನಲ್ಲಿ ಹೊಸದು, ಮೆಮೊರಿಯಲ್ಲಿ ಓಡುತ್ತಿದ್ದುದು ಹಳೆಯದು. ಡಿಸ್ಕ್ ಓದಿದ ಸ್ಕ್ಯಾನರ್ ತಿಂಗಳುಗಟ್ಟಲೆ ವರದಿಯಲ್ಲಿ ಆ ಸರ್ವರ್‌ನ ಸಾಲನ್ನು ಹಸಿರಾಗಿಯೇ, ಅಂದರೆ ದೋಷವಿಲ್ಲವೆಂದೇ, ತೋರಿಸಿತು. ಮೇಲಧಿಕಾರಿಗಳು ಆ ಹಸಿರನ್ನು ನೋಡಿ ರೀಬೂಟನ್ನು ಮತ್ತೆ ಮತ್ತೆ ಮುಂದೂಡಿದರು. ಒಳಗೆ ಲಾಗಿನ್ ಆಗಿ ಕರ್ನಲ್ ಆವೃತ್ತಿ ತೋರಿಸಿದ ಸಹೋದ್ಯೋಗಿಯ ಮಾತಿಗಿಂತ ವರದಿಗೇ ಬೆಲೆ ಹೆಚ್ಚಾಗಿತ್ತು. ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಮಾಡಿ ಅದನ್ನು ಬಳಸುವ ಸರ್ವೀಸ್ ರೀಸ್ಟಾರ್ಟ್ ಮಾಡದಿದ್ದಾಗಲೂ ಆಗುವುದು ಇದೇ. ಒಳಗಿರುವ ಏಜೆಂಟ್ ಓಡುತ್ತಿರುವುದನ್ನೇ ನೇರವಾಗಿ ಕೇಳಿ ತಿಳಿಯಬಲ್ಲದು.

ಆ ಒಂದು ಜುಲೈ ದಿನವನ್ನು ಹಿಡಿದುಕೊಂಡು ಏಜೆಂಟ್ ಎಂದರೆ ಸರ್ವರ್ ಕೆಡವುವ ತಂತ್ರಾಂಶವೆಂದು ಹೆದರಿಸುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಏಜೆಂಟ್ ಇಲ್ಲದ ಸ್ಕ್ಯಾನ್ ಕೊಳ್ಳುವವರು ಓದಲಾಗದೆ ಬಿಟ್ಟ ಪ್ರತಿಯೊಂದು ಡಿಸ್ಕನ್ನೂ ಕಾರಣಸಮೇತ ವರದಿಯ ಮೊದಲ ಪುಟದಲ್ಲಿಯೇ ತೋರಿಸಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಲಿ, ಮತ್ತು ಡೇಟಾಬೇಸ್ ಸರ್ವರ್‌ಗಳಲ್ಲಿ ಏಜೆಂಟನ್ನು ಉಳಿಸಿಕೊಳ್ಳಲಿ.