113 ಮುಟ್ಟದ ಕರ್ನಾಟಕ ಬಿಜೆಪಿ

ಕರ್ನಾಟಕ ಅಂದ್ರೆ ಬಿಜೆಪಿಗೆ ದಕ್ಷಿಣದ ಹೆಬ್ಬಾಗಿಲು ಅಂತ ಎಲ್ಲರೂ ಹೇಳುತ್ತಾರೆ. ಆದರೆ ವಿಧಾನಸಭೆಯ 224ರಲ್ಲಿ ಬಹುಮತಕ್ಕೆ ಬೇಕಾದ 113 ಸೀಟನ್ನು ಆ ಪಕ್ಷ ಇಲ್ಲಿ ಒಂದು ಸಲವೂ ಸ್ವಂತ ಬಲದ ಮೇಲೆ ಗೆದ್ದಿಲ್ಲ. 2008ರಲ್ಲಿ 110ಕ್ಕೆ ನಿಂತಿತು, 2018ರಲ್ಲಿ 104ಕ್ಕೆ. ಮೊದಲ ಸಲ ಪಕ್ಷೇತರರನ್ನು ಸೇರಿಸಿಕೊಂಡರು, ಎರಡನೇ ಸಲ ಬೇರೆ ಪಕ್ಷ ಬಿಟ್ಟು ಬಂದ ಶಾಸಕರನ್ನು. ಮಧ್ಯೆ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ ಮೇಲೆ 2013ರಲ್ಲಿ 40ಕ್ಕೆ ಇಳಿದಿದ್ದು ಬೇರೆ.

2023ರ ಸೋಲಿಗೆ ಕಾಂಗ್ರೆಸ್ ಗ್ಯಾರಂಟಿಗಳೇ ಕಾರಣ ಅನ್ನೋರು ಮತ ಲೆಕ್ಕವನ್ನೊಮ್ಮೆ ನೋಡಬೇಕು. 2018ರಲ್ಲಿ ಬಿಜೆಪಿಗೆ ಬಂದಿದ್ದು ಸುಮಾರು ಶೇ. 36, 2023ರಲ್ಲೂ ಅಷ್ಟೇ. ಸೀಟು ಮಾತ್ರ 104ರಿಂದ 66ಕ್ಕೆ ಬಿತ್ತು. ಜೆಡಿಎಸ್ ಶೇ. 18ರಿಂದ 13ಕ್ಕೆ ಕುಸಿಯಿತು, ಕಾಂಗ್ರೆಸ್ 38ರಿಂದ 43ರ ಹತ್ತಿರ ಹೋಯಿತು. ಎದುರಾಳಿಗಳ ಮತ ಒಂದು ಕಡೆ ಸೇರಿದರೆ ಸಾಕು, ಬಿಜೆಪಿ ಸೋಲುತ್ತದೆ. ಯಾಕೆಂದರೆ ಆ 36 ರಾಜ್ಯದ ತುಂಬ ಹರಡಿಲ್ಲ.

ಉಡುಪಿ ಜಿಲ್ಲೆ ನೋಡಿ. 2018ರಲ್ಲೂ ಐದಕ್ಕೆ ಐದು, 2023ರಲ್ಲೂ ಐದಕ್ಕೆ ಐದು. ಅದೂ ನಾಲ್ಕು ಜನ ಹಾಲಿ ಶಾಸಕರ ಬದಲು ಹೊಸ ಮುಖಗಳನ್ನು ನಿಲ್ಲಿಸಿ! ಅಲ್ಲಿ ಬೂತ್‌ನಲ್ಲಿ ಕೂರೋ ಕಾರ್ಯಕರ್ತ ಇದ್ದಾನೆ, ಅಭ್ಯರ್ಥಿ ಯಾರಾದರೂ ಅವನು ಕೆಲಸ ಮಾಡುತ್ತಾನೆ. (ಆ ಕಾರ್ಯಕರ್ತನನ್ನೇ ಎದುರು ಹಾಕಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಪಕ್ಕದ ಪುತ್ತೂರು ಇದೆ. ಬಂಡಾಯ ಅಭ್ಯರ್ಥಿ ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿ ಮೂರಕ್ಕೆ ಹೋಯಿತು.)

ಈಗ ಮಂಡ್ಯಕ್ಕೆ ಬನ್ನಿ. ಏಳು ಕ್ಷೇತ್ರ, 2018ರಲ್ಲೂ ಸೊನ್ನೆ, 2023ರಲ್ಲೂ ಸೊನ್ನೆ. ಮಧ್ಯದಲ್ಲಿ 2019ರ ಉಪಚುನಾವಣೆಯಲ್ಲಿ ಕೆ.ಆರ್. ಪೇಟೆ ಗೆದ್ದಾಗ ಎಷ್ಟು ಸಂಭ್ರಮ ಇತ್ತು, ಯಡಿಯೂರಪ್ಪನವರ ಹುಟ್ಟೂರಿನ ತಾಲೂಕು ಅಲ್ವಾ! ಆದರೆ ಗೆದ್ದವರು ಜೆಡಿಎಸ್‌ನಿಂದ ಬಂದ ನಾರಾಯಣ ಗೌಡರು. ಬಂದಿದ್ದು ಅವರ ಮತ, ಪಕ್ಷದ್ದಲ್ಲ. 2023ರಲ್ಲಿ ಅವರೂ ಸೋತರು, ಕ್ಷೇತ್ರ ಮತ್ತೆ ಜೆಡಿಎಸ್‌ಗೆ ಹೋಯಿತು.

ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ. ಒಂದು ಪಕ್ಷಕ್ಕೆ ಮತ ಹಾಕಿದವರು ಕಣ್ಣು ಬಿಡೋದರೊಳಗೆ ಶಾಸಕ ಇನ್ನೊಂದು ಪಕ್ಷದಲ್ಲಿ ಮಂತ್ರಿಯಾಗಿರುತ್ತಾನೆ. ಆ ಕ್ಷೇತ್ರದಲ್ಲಿ ಇಪ್ಪತ್ತು ವರ್ಷ ಬಾವುಟ ಹಿಡಿದವನು ನಿನ್ನೆವರೆಗೂ ಎದುರಾಳಿಯಾಗಿದ್ದವನಿಗೆ ಪ್ರಚಾರ ಮಾಡಬೇಕು. ಇದರಲ್ಲಿ ಪಕ್ಷ ಬೆಳೆಯೋದು ಹೇಗೆ? ಕಾಂಗ್ರೆಸ್ಸಿನವರು ಶಾಸಕರನ್ನು ಸೆಳೆದರೂ ನಾನು ಇದನ್ನೇ ಹೇಳುತ್ತೇನೆ.

2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಜೊತೆ ಮಾಡಿಕೊಂಡ ಮೈತ್ರಿಯೂ ಇದೇ ಅಡ್ಡದಾರಿ. 2024ರ ಲೋಕಸಭೆ ಚುನಾವಣೆಯಲ್ಲಿ ಇಬ್ಬರೂ ಸೇರಿ 19 ಗೆದ್ದರು, ಸರಿ. ಆದರೆ ಅದೇ ವರ್ಷ ಚನ್ನಪಟ್ಟಣ ಉಪಚುನಾವಣೆಯ ಟಿಕೆಟ್ ಜೆಡಿಎಸ್‌ಗೆ ಹೋಗಿದ್ದಕ್ಕೆ ಬಿಜೆಪಿಯ ಯೋಗೇಶ್ವರ್ ಕಾಂಗ್ರೆಸ್ ಸೇರಿ ಗೆದ್ದುಬಿಟ್ಟರು. ಬೊಮ್ಮಾಯಿಯವರ ಶಿಗ್ಗಾಂವಿಯೂ ಆಗಲೇ ಕೈತಪ್ಪಿತು. ಮುಂದಿನ ವಿಧಾನಸಭೆ ಚುನಾವಣೆಗೆ ಮಂಡ್ಯ, ಹಾಸನ, ರಾಮನಗರವನ್ನು ಜೆಡಿಎಸ್‌ನ ದೇವೇಗೌಡರ ಕುಟುಂಬಕ್ಕೆ ಬಿಟ್ಟುಕೊಟ್ಟು ಕೂತರೆ, ಅಲ್ಲಿ ಕಮಲದ ಬಾವುಟ ಹಿಡಿಯೋಕೆ ಯಾವ ಹುಡುಗ ಬರುತ್ತಾನೆ ಹೇಳಿ?