ಮುಂಬೈ ಸೆಂಟರ್‌ನಲ್ಲಿ ಕನ್ನಡದ ನೀಟ್ ಪೇಪರ್ ಸಿಗುವುದಿಲ್ಲ

"ನೀಟ್ 13 ಭಾಷೆಗಳಲ್ಲಿದೆ, ನಮ್ಮ ಮಕ್ಕಳು ಮುಂಬೈಯಲ್ಲೇ ಕನ್ನಡದಲ್ಲಿ ಬರೆಯಬಹುದು" ಅಂತ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. ಮೊದಲರ್ಧ ನಿಜ, ಉಳಿದದ್ದು ತಪ್ಪು.

ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಸೆಂಟರ್‌ಗಳಲ್ಲಿ ಮಾತ್ರ. ಇಲ್ಲಿ ಮುಂಬೈಯಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಇಲ್ಲವೇ ಮರಾಠಿ. ಕರ್ನಾಟಕದಲ್ಲಿ ಕನ್ನಡ ಆರಿಸಿದವರ ಪತ್ರಿಕೆಯಲ್ಲೂ ಪಕ್ಕದಲ್ಲಿ ಇಂಗ್ಲಿಷ್ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಹಾಗಾಗಿ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಮುಗಿಸಿದವರು ಈ ಮೆಸೇಜ್ ನಂಬಿ ಸುಮ್ನೆ ಕೂರಬೇಡಿ. ಇಂಗ್ಲಿಷ್ ಪದಗಳನ್ನು ಹನ್ನೊಂದನೇ ಕ್ಲಾಸಿನಿಂದಲೇ ರೂಢಿ ಮಾಡಿಕೊಳ್ಳಿ.

ಇನ್ನು ಇಂಜಿನಿಯರಿಂಗ್, ಫಾರ್ಮಸಿ ಸೀಟಿಗೆ ಬರೆಯುವ ಮಹಾರಾಷ್ಟ್ರದ ಸಿಇಟಿ? ಅದರಲ್ಲಿ ಕನ್ನಡವೇ ಇಲ್ಲ. ಗಣಿತವಂತೂ ಪೂರ್ತಿ ಇಂಗ್ಲಿಷ್‌ನಲ್ಲೇ.