ಮೆಟ್ಟಿಲ ಕೆಳಗಿನ ಬ್ಯಾಟರಿ

ಕಳೆದ ಜುಲೈಯಲ್ಲಿ ಮೈಸೂರಿನ ಹುಡುಗನೊಬ್ಬ ಕೊಡಗಿನ ನಮ್ಮ ಹೋಂಸ್ಟೇಗೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಬಂದ. ಈ ಮಳೆಯಲ್ಲಿ ಯಾಕಪ್ಪಾ ಬಂದೆ ಎಂದರೆ, "ಮಳೆ ನೋಡೋಕೇ ಬಂದೆ ಅಂಕಲ್" ಎಂದ. ಸರಿ. ಒದ್ದೆ ಬಟ್ಟೆ ಬದಲಿಸಿದವನೇ ಸ್ಕೂಟರಿನ ಸೀಟ್ ಎತ್ತಿ ಬ್ಯಾಟರಿ ಹೊರಗೆ ತೆಗೆದ. ಹಾಲಿನ ಕ್ಯಾನ್ ಹಿಡಿದ ಹಾಗೆ ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದ. ರಾತ್ರಿ ಮಂಚದ ಪಕ್ಕದ ಪ್ಲಗ್ಗಿಗೆ ಹಾಕಿ ಮಲಗುತ್ತಾನಂತೆ.

ನಾನು ಬಿಡಲಿಲ್ಲ. ಬಿಡದೇ ಇದ್ದದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಆದರೆ ಬೇಡ ಅಂದಿದ್ದರೆ ಸಾಕಿತ್ತು, ಅರ್ಧ ಗಂಟೆ ಪಾಠ ಮಾಡಿದೆ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಏನಾಯ್ತು ಗೊತ್ತಾ ಎಂದೆ. ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಹೋಟೆಲ್ ರೂಮುಗಳು. ಕೆಳಗೆ ಬೆಂಕಿ ಹತ್ತಿತು, ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲೆ ಹೋಯಿತು, 8 ಜನ ಸತ್ತರು. ಅದೇ ವರ್ಷದ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಉರಿದವು. ಆಮೇಲೆ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಗೆ ಇನ್ನೊಂದು ಹಂತ ಎಂದು ಜಾರಿಗೆ ತಂದಿತು. ಹುಡುಗ ಎಲ್ಲ ಕೇಳಿಸಿಕೊಂಡು, "ನಂದು ಅದಾದ ಮೇಲಿನ ಗಾಡಿ ಅಂಕಲ್" ಎಂದ. ಮರ್ಯಾದಸ್ಥ. ಹೊರಗಿನ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ಅಕ್ಕಿ ತರಿಯ ಕಡಂಬುಟ್ಟು ತಿಂದು ಹೋದ.

ಅವನು ಹತ್ತಲು ಹೊರಟಿದ್ದ ಅದೇ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನನ್ನ ಇನ್ವರ್ಟರ್ ಬ್ಯಾಟರಿ ಗುಳುಗುಳು ಎನ್ನುತ್ತಾ ಕೂತಿತ್ತು.

ಮೂರು ವಾರ ಕಳೆಯಿತು. ನಮ್ಮ ಕಕ್ಕಡ ತಿಂಗಳ ಮಳೆ. ಗಾಳಿಗೆ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿತ್ತು, ನಾಲ್ಕು ದಿನ ಕರೆಂಟ್ ಇಲ್ಲ. ದೂರು ಹೇಳುತ್ತಿಲ್ಲ, ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗೆ ಕೈ ಮುಗಿಯಬೇಕು. ನಾನು ಜನರೇಟರ್ ಹಾಕಿ ಇನ್ವರ್ಟರಿಗೆ ಚಾರ್ಜ್ ಕೊಡುತ್ತಿದ್ದೆ. ಬ್ಯಾಟರಿಗೆ ಏಳು ವರ್ಷ ಆಗಿತ್ತು. ಸಂಜೆ ಲೈಟ್ ಮಿಣಮಿಣ ಎಂದಿತು. ಕ್ಲ್ಯಾಂಪ್ ಸಡಿಲ ಆಗಿರಬೇಕು ಎಂದು ಸ್ಪ್ಯಾನರ್ ಹಿಡಿದು ಗೂಡಿನ ಬಾಗಿಲು ತೆಗೆದೆ. ಜನರೇಟರ್ ಓಡುತ್ತಲೇ ಇತ್ತು. ನಟ್ ತಿರುಗಿಸುವಾಗ ಒಂದು ಕಿಡಿ ಹಾರಿತು.

ಪಕ್ಕದ ತೋಟದವರು ಆನೆ ಓಡಿಸಲು ಪಟಾಕಿ ಹೊಡೆದರು ಅಂದುಕೊಂಡರಂತೆ. ಬ್ಯಾಟರಿಯ ತಲೆ ಸೀಳಿತ್ತು. ಆಸಿಡ್ ಗೋಡೆಗೆ, ಮೆಟ್ಟಿಲಿಗೆ, ನನಗೆ. ಆಗಷ್ಟೇ ಕೊಟ್ಟಿಗೆಯಿಂದ ಬಂದಿದ್ದೆ, ರೇನ್‌ಕೋಟ್ ಬಿಚ್ಚಿರಲಿಲ್ಲ. ಕನ್ನಡಕವೂ ಇತ್ತು. ಕಾಪಾಡಿದ್ದು ಅವೆರಡೇ. ನಮ್ಮವಳು ಏನೂ ಕೇಳದೆ ಎಳೆದುಕೊಂಡು ಹೋಗಿ ಸೂರಿನ ನೀರಿನ ಕೆಳಗೆ ನಿಲ್ಲಿಸಿದಳು. ಇಪ್ಪತ್ತು ನಿಮಿಷ ಅಲ್ಲಿಂದ ಕದಲಲು ಬಿಡಲಿಲ್ಲ. ಡಾಕ್ಟರು ಆಮೇಲೆ ಅದನ್ನೇ ಹೊಗಳಿದರು. ಗಲ್ಲದ ಮೇಲೆ ಒಂದು ಕಲೆ ಉಳಿದಿದೆ. ಪ್ಯಾಂಟ್ ಮುಂದಿನ ಒಗೆತಕ್ಕೆ ಮೀನಿನ ಬಲೆ ಆಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಹಾಕಿದಷ್ಟೂ ಹೆದರಿಕೆ ಜಾಸ್ತಿ ಆಯಿತು.

ಇನ್ವರ್ಟರ್ ಬ್ಯಾಟರಿಗೆ ಆಗಾಗ ನೀರು ಹಾಕುತ್ತೇವಲ್ಲ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ನಾನು ಆವಿ ಆಗುತ್ತದೆ ಅಂದುಕೊಂಡಿದ್ದೆ. ಅದರ ಬಹುಪಾಲು ಆವಿಯಲ್ಲ. ಚಾರ್ಜ್ ತುಂಬುತ್ತಾ ಬಂದ ಹಾಗೆ ಕರೆಂಟ್ ನೀರನ್ನೇ ಒಡೆಯುತ್ತದೆ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್. ಒಂದೊಂದು ಸೆಲ್ಲಿಗೆ 2.4 ವೋಲ್ಟ್ ದಾಟಿದರೆ, ಅಂದರೆ ಒಟ್ಟು 14.4ರ ಹತ್ತಿರ, ಗುಳ್ಳೆ ಜೋರಾಗುತ್ತದೆ. ಆ ಗುಳ್ಳೆಗಳಲ್ಲಿ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ. ಸಿಡಿಯಲು ಬೇಕಾದ ಅಳತೆಯಲ್ಲೇ ಬೆರೆಸಿ ಕೊಟ್ಟ ಹಾಗೆ. ಗುಳುಗುಳು ಎಂದರೆ ಬ್ಯಾಟರಿ ಚೆನ್ನಾಗಿದೆ ಎಂದು ನಾನು ಖುಷಿಪಡುತ್ತಿದ್ದೆ!

ಬ್ಯಾಟರಿ ತುಂಬಿದ ಮೇಲೂ 10 ಆಂಪಿಯರ್ ಒಂದು ಗಂಟೆ ಹರಿದರೆ ಆರೂ ಸೆಲ್ ಸೇರಿ ಸುಮಾರು 25 ಲೀಟರ್ ಹೈಡ್ರೋಜನ್ ಬಿಡುತ್ತವೆ. ಒಳ್ಳೆಯ ಇನ್ವರ್ಟರ್ ಅಷ್ಟು ಹರಿಯಲು ಬಿಡುವುದಿಲ್ಲ, ತುಂಬಿದ ಕೂಡಲೇ ಕಡಿಮೆ ಮಾಡುತ್ತದೆ. ಆದರೆ ಹಳೆ ಬ್ಯಾಟರಿಗೆ ತುಂಬುವುದೇ ಗೊತ್ತಿಲ್ಲ, ಕೆಟ್ಟ ಚಾರ್ಜರಿಗೆ ನಿಲ್ಲಿಸುವುದೇ ಗೊತ್ತಿಲ್ಲ. ಗಾಳಿಯಲ್ಲಿ ನೂರಕ್ಕೆ 4 ಪಾಲು ಹೈಡ್ರೋಜನ್ ಸೇರಿದರೆ ಅದು ಹತ್ತಿಕೊಳ್ಳಬಲ್ಲದು. ನಮ್ಮ ಗೂಡು ಹಿಡಿಯುವುದು ಹೆಚ್ಚೆಂದರೆ 600 ಲೀಟರ್ ಗಾಳಿ. ಅದರ ನೂರಕ್ಕೆ 4 ಎಂದರೆ 24 ಲೀಟರ್. ಅವತ್ತು ಬಾಗಿಲು ತೆಗೆದ ಕೂಡಲೇ ಗೂಡಿನದು ಹೊರಗೆ ಹೋಗಿರಬೇಕು, ಸಿಡಿದದ್ದು ಬ್ಯಾಟರಿಯ ಹೊಟ್ಟೆಯಲ್ಲಿ ಇದ್ದದ್ದು ಮಾತ್ರ. ಇಡೀ ಗೂಡೇ ಹೊತ್ತಿಕೊಂಡಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಈಗ ನನ್ನ ಮಾತಿಗೆ ಬರುತ್ತೇನೆ. ಬ್ಯಾಟರಿ ಕೆಟ್ಟದ್ದು, ಗ್ಯಾಸ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕೊಡಗಿನಲ್ಲಿ ಇವೆರಡೂ ಇಲ್ಲದೆ ಮಳೆಗಾಲ ಕಳೆಯಲು ಆಗುವುದಿಲ್ಲ. ಆದರೆ ನಾವು ಮನೆ ಕಟ್ಟುವ ರೀತಿ ಬದಲಾಯಿತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ಅಜ್ಜನ ಹಂಚಿನ ಮನೆಯಲ್ಲಿ ಅಡುಗೆಮನೆ ಹೊಗೆ ಹಂಚಿನ ಸಂದಿಯಿಂದ ತಾನೇ ಹೊರಗೆ ಹೋಗುತ್ತಿತ್ತು. ಚಳಿ ಅಂತ ಬೈದುಕೊಂಡೆವು. ತಾರಸಿ ಹಾಕಿದೆವು, ಅಲ್ಯೂಮಿನಿಯಂ ಕಿಟಕಿ ಹಾಕಿದೆವು, ಬೂಷ್ಟು ಹಿಡಿಯುತ್ತದೆ ಎಂದು ಸಂದಿಗೆ ರಬ್ಬರ್ ಬಡಿದೆವು. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆ ಒಂದು ಮುಚ್ಚಿದ ಡಬ್ಬಿ. ಆ ಡಬ್ಬಿಯೊಳಗೆ ಸಿಲಿಂಡರ್, ಇನ್ವರ್ಟರ್, ಗ್ಯಾಸ್ ಗೀಸರ್, ಬಟ್ಟೆ ಒಣಗಿಸಲು ಕೆಂಡದ ಬಾಣಲೆ. (ಕೆಂಡದ ಕತೆ ಬೇರೆ. ಅದು ಸಿಡಿಯುವುದಿಲ್ಲ, ಕಾರ್ಬನ್ ಮಾನಾಕ್ಸೈಡ್‌ನಿಂದ ನಿದ್ದೆಯಲ್ಲೇ ಕೊಲ್ಲುತ್ತದೆ. ಮುಚ್ಚಿದ ರೂಮಿನಲ್ಲಿ ಗೀಸರೂ ಅಷ್ಟೇ. ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇಟ್ಟವರು ಇವತ್ತೇ ಹೊರಗೆ ಹಾಕಿಸಿ.)

ಒಂದೊಂದು ಗ್ಯಾಸಿಗೆ ಒಂದೊಂದು ಗುಣ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ. ಸೂರಿನ ಹತ್ತಿರ ಒಂದು ಕಿಂಡಿ ಇದ್ದರೆ ತಾನೇ ಎದ್ದು ಹೋಗುತ್ತದೆ. ಅಡುಗೆ ಗ್ಯಾಸ್ ತದ್ವಿರುದ್ಧ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಎಕ್ಸಾಸ್ಟ್ ಫ್ಯಾನ್ ಮೇಲಿದೆ, ಕಿಟಕಿ ಎದೆಯೆತ್ತರದಲ್ಲಿದೆ, ಗ್ಯಾಸ್ ನಿಮ್ಮ ಪಾದದ ಹತ್ತಿರ ಇದೆ. ನಮ್ಮಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ? ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಮನೆ ಕಟ್ಟುತ್ತೇವೆ. ಮೇಲೆ ಅಡುಗೆಮನೆ, ನಾಲ್ಕು ಮೆಟ್ಟಿಲು ಇಳಿದರೆ ಅರ್ಧ ಮಣ್ಣಲ್ಲಿ ಹೂತ ಹಾಗಿರುವ ಸ್ಟೋರ್. ಕಾಫಿ ಚೀಲ, ಕರಿಮೆಣಸು, ಹಳೆ ಫ್ರಿಜ್ ಎಲ್ಲ ಅಲ್ಲೇ. ಮೇಲೆ ಸೋರಿದ್ದು ಆ ಮೆಟ್ಟಿಲು ಇಳಿದು ಸ್ಟೋರಿನಲ್ಲಿ ನಿಲ್ಲುತ್ತದೆ. ಫ್ರಿಜ್ ತಾನಾಗಿ ಆನ್ ಆಗುವಾಗ ಹಾರುವ ಸಣ್ಣ ಕಿಡಿ ಸಾಕು.

ಎಷ್ಟು ಸೋರಬೇಕು? ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಸೇರಿದರೆ ಹತ್ತುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮಿಗೆ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು. ಸಿಲಿಂಡರಿನಲ್ಲಿ ಇರುವುದು 14.2 ಕೆಜಿ. ಗ್ಯಾಸ್ ಕೆಳಗೇ ನಿಲ್ಲುವುದರಿಂದ ಅಷ್ಟೂ ಬೇಕಾಗುವುದಿಲ್ಲ.

ವಾಸನೆ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ ಎಂದೇ ಹೇಳಬಹುದು, ಅದಕ್ಕೇ ಸೋರಿದರೆ ಗೊತ್ತಾಗಲಿ ಎಂದು ಮರ್ಕ್ಯಾಪ್ಟನ್ ಎಂಬ ನಾತದ ಪದಾರ್ಥ ಬೆರೆಸುತ್ತಾರೆ. ಆದರೆ ನಮ್ಮ ಅತ್ತೆಮ್ಮನ ಮನೆಯಲ್ಲಿ ಒಂದು ಮಳೆಗಾಲ ಎರಡು ದಿನ ಆ ವಾಸನೆ ಇತ್ತು. ಎಲ್ಲರೂ ಅಂದದ್ದು ಒಂದೇ, "ಕಣಿಲೆ ನೆನೆ ಹಾಕಿದ್ದಾರೆ." ಬಕೆಟ್ಟಿನಲ್ಲಿ ಕಣಿಲೆ (ಎಳೆ ಬಿದಿರು) ಇತ್ತು, ನಿಜ. ನೆನೆಸಿದ ಕಣಿಲೆ ಹೇಗೆ ನಾರುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮೂರನೇ ದಿನ ಕಣಿಲೆ ಸಾರು ಮಾಡಿ ತಿಂದೂ ಆಯಿತು, ವಾಸನೆ ಹೋಗಲಿಲ್ಲ. ಆಮೇಲೆ ನೋಡಿದರೆ ಸ್ಟವ್ವಿನ ಪೈಪ್ ಬಿರಿದಿತ್ತು. ಆ ಕೇಸರಿ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅವರದು ಯಾವ ಕಾಲದ್ದೋ. ಆ ಎರಡು ದಿನ ಒಲೆ ಹಚ್ಚುವಾಗ ಏನೂ ಆಗದೇ ಇದ್ದದ್ದಕ್ಕೆ ಕಾರಣ ಹಳೆ ಅಡುಗೆಮನೆ. ಬಾಗಿಲ ಕೆಳಗೆ ನಾಲ್ಕು ಬೆರಳು ಸಂದಿ. ಇಲಿ ಬರುತ್ತದೆ ಎಂದು ಆ ಸಂದಿಗೆ ಅತ್ತೆಮ್ಮ ಯಾವಾಗಲೂ ಬೈಯುತ್ತಿದ್ದರು.

ವಾಸನೆ ಬಂದಾಗ ಸ್ವಿಚ್ ಮುಟ್ಟಬಾರದು, ಆನ್ ಆಗಲಿ ಆಫ್ ಆಗಲಿ. ಫ್ಯಾನ್ ಹಾಕಿ ಗ್ಯಾಸ್ ಓಡಿಸುತ್ತೇನೆ ಎಂದು ಹೋಗುವವರೇ ಜಾಸ್ತಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಹೋಗಿ, ಅಂಗಳದಿಂದ 1906ಕ್ಕೆ ಫೋನ್ ಮಾಡಿ. ನಮ್ಮ ಕಡೆ ಅಂಗಳದಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ, ಈ ವಿಷಯಕ್ಕಾದರೂ ಅದು ಒಳ್ಳೆಯದೇ.

ತೋಟದ ಶೆಡ್ ಇನ್ನೊಂದು. ಆನೆ ಬೇಲಿಯ ಸೋಲಾರ್ ಬ್ಯಾಟರಿ ಎಲ್ಲಿಡುತ್ತೀರಿ? ಶೆಡ್ಡಿನಲ್ಲಿ. ಕಳೆ ಕೊಚ್ಚುವ ಮಷಿನ್ನಿನ ಪೆಟ್ರೋಲ್ ಕ್ಯಾನ್? ಅದೇ ಶೆಡ್ಡಿನಲ್ಲಿ. ಬ್ಯಾಟರಿಯ ಹೈಡ್ರೋಜನ್ ಮೇಲೆ ನಿಲ್ಲುತ್ತದೆ, ಪೆಟ್ರೋಲಿನ ಆವಿ ನೆಲದಲ್ಲಿ ಹರಡುತ್ತದೆ, ನಡುವೆ ಕೆಲಸದವರು ಬೀಡಿ ಹಚ್ಚುತ್ತಾರೆ. ನನ್ನ ಶೆಡ್ಡೂ ಹೀಗೇ ಇತ್ತು. ಹುಡುಗನ ಸ್ಕೂಟರ್ ಬ್ಯಾಟರಿಯನ್ನು ಚಾರ್ಜ್ ಮಾಡಲು ನಾನು ಕಳಿಸಿದ್ದು ಇದೇ ಶೆಡ್ಡಿಗೆ!

ನಾವೇನು ಎಚ್ಚರ ಇಲ್ಲದ ಜನ ಅಲ್ಲ. ಕೋವಿ ನೋಡಿ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದರೆ ಒರೆಸಿ, ತೋಕ್ ಪೂ (ಕೋವಿ ಹೂವು) ಇಟ್ಟು, ಪೂಜೆ ಮಾಡುತ್ತೇವೆ. ಖಾಲಿ ಕೋವಿಯನ್ನೂ ಮನುಷ್ಯನ ಕಡೆ ತಿರುಗಿಸಬಾರದು ಎಂದು ಐದು ವರ್ಷದ ಮಗುವಿಗೂ ಗೊತ್ತು. ತೋಟೆ ಬೇರೆ ಕಡೆ, ಕೋವಿ ಬೇರೆ ಕಡೆ. ಅದೇ ಮನೆಯಲ್ಲಿ ಸಿಲಿಂಡರ್ ಪಕ್ಕ ಇನ್ವರ್ಟರ್. ಕೋವಿಯ ಬಗ್ಗೆ ಅಜ್ಜ ಹೇಳಿಕೊಟ್ಟಿದ್ದರು. ಇದರ ಬಗ್ಗೆ ಹೇಳಿಕೊಡಲು ಅಜ್ಜನ ಕಾಲದಲ್ಲಿ ಇದು ಇರಲೇ ಇಲ್ಲ. ಮಾರಿದವರು ಹೇಳಬೇಕಿತ್ತು. ನನಗೆ ಬ್ಯಾಟರಿ ಮಾರಿದವರು ಮೆಟ್ಟಿಲ ಕೆಳಗಿನ ಜಾಗ ನೋಡಿ "ಸೂಪರ್ ಸರ್, ಕಣ್ಣಿಗೇ ಕಾಣಲ್ಲ" ಎಂದಿದ್ದರು. ಹೋಂಸ್ಟೇ ನೋಡಲು ಬಂದವರು ಟಾಯ್ಲೆಟ್ ನೋಡಿದರು, ಬೆಡ್‌ಶೀಟ್ ನೋಡಿದರು. ಆ ಗೂಡಿನ ಬಾಗಿಲು ತೆಗೆಯಲಿಲ್ಲ. ತೆಗೆಯಬೇಕು. ಇಡೀ ಜಿಲ್ಲೆಯಲ್ಲಿ ಊರಿಗೆ ಹೊಸಬರು ಮುಚ್ಚಿದ ರೂಮುಗಳಲ್ಲಿ ಮಲಗಿ ಏಳುತ್ತಾರೆ. ನಮ್ಮ ಗುಡ್ಡಕ್ಕೆ ಫೈರ್ ಇಂಜಿನ್ ಬರಲು ಎಷ್ಟು ಹೊತ್ತು ಬೇಕು ಎಂದು ಮಳೆಗಾಲದ ರಸ್ತೆ ನೋಡಿದವರಿಗೆ ಗೊತ್ತು. ನನ್ನ ಮನೆಯಿಂದಲೇ ಶುರು ಮಾಡಲಿ, ಬೇಜಾರಿಲ್ಲ.

ಈ ಕತೆ ಕೇಳಿದವರೆಲ್ಲ ಲಿಥಿಯಂ ಇನ್ವರ್ಟರ್ ಹಾಕಿಸಿ ಎನ್ನುತ್ತಾರೆ. ನೀರು ಹಾಕುವುದು ಬೇಡ, ಗ್ಯಾಸ್ ಇಲ್ಲ. ದಿನನಿತ್ಯಕ್ಕೆ ಅದು ನಿಜ. ಐರನ್ ಫಾಸ್ಫೇಟ್ ಜಾತಿಯದು ಬೇರೆ ಲಿಥಿಯಂಗಿಂತ ಹೆಚ್ಚು ಕಾವು ತಡೆಯುತ್ತದೆ, ಅದೂ ನಿಜ. ಆದರೆ ಯಾವುದೇ ಲಿಥಿಯಂ ಸೆಲ್ ಒಳಗೊಳಗೇ ಶಾರ್ಟ್ ಆಗಿ ಕಾದರೆ, ಒಂದು ಸೆಲ್ ಪಕ್ಕದ್ದನ್ನು ಕಾಯಿಸಿ, ಅದು ಅದರ ಪಕ್ಕದ್ದನ್ನು ಕಾಯಿಸಿ ಹೋಗುತ್ತದೆ. ಆಗ ಏಳುವ ಬಿಳಿ ಮೋಡ ಬರೀ ಹೊಗೆ ಅಲ್ಲ. ಅದರಲ್ಲಿ ಹೈಡ್ರೋಜನ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ, ವಿಷವೂ ಇದೆ. 2019ರ ಏಪ್ರಿಲ್ 19ರಂದು ಅಮೆರಿಕದ ಅರಿಜೋನಾದಲ್ಲಿ ಒಂದು ದೊಡ್ಡ ಬ್ಯಾಟರಿ ಕಟ್ಟಡದಲ್ಲಿ ಹೀಗಾಯಿತು. ಬೆಂಕಿ ಆರಿಸುವ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು. ಆದರೆ ಒಳಗೆ ಸೆಲ್‌ಗಳು ಕಾಯುತ್ತಲೇ ಇದ್ದವು, ಗ್ಯಾಸ್ ಹೊರಗೆ ಹೋಗಲು ದಾರಿ ಇರಲಿಲ್ಲ. ಕೆಲವು ಗಂಟೆ ಕಾದು ಫೈರ್ ಸರ್ವಿಸಿನವರು ಬಾಗಿಲು ತೆಗೆದರು. ಸ್ವಲ್ಪ ಹೊತ್ತಿಗೆ ಸಿಡಿಯಿತು. ನಾಲ್ವರಿಗೆ ತುಂಬಾ ಪೆಟ್ಟಾಯಿತು. ಗ್ಯಾಸ್ ಅಳೆಯುವ ಮೀಟರ್ ಹಿಡಿದು, ತರಬೇತಿ ಪಡೆದು ಬಂದವರ ಪಾಡು ಅದು. ಸ್ಪ್ಯಾನರ್ ಹಿಡಿದ ನಾನು ಯಾವ ಲೆಕ್ಕ?

ಈಗ ನಮ್ಮ ಹೊಸ ಬ್ಯಾಟರಿ ಹಿಂದಿನ ಜಗಲಿಯಲ್ಲಿದೆ. ಮೂರು ಕಡೆ ಜಾಲರಿ, ಮೇಲೆ ಶೀಟು. ನೋಡಲು ಕೋಳಿಗೂಡಿನ ಹಾಗಿದೆ ಎಂದು ನಮ್ಮವಳಿಗೆ ಬೇಸರ. ಮುಟ್ಟುವ ಮೊದಲು ಚಾರ್ಜ್ ಬಂದ್ ಮಾಡಿ, ಒಂದು ಟೀ ಕುಡಿದು ಹೋಗುತ್ತೇನೆ. ಕನ್ನಡಕ ಹಾಕಿಕೊಂಡೇ. ಪೆಟ್ರೋಲ್ ಕ್ಯಾನಿಗೆ ಬೇರೆ ಮೂಲೆ ಆಗಿದೆ. ಅತಿಥಿಗಳ ಗಾಡಿ ಚಾರ್ಜ್ ಮಾಡಲು ಅಂಗಳದ ಆಚೆ ಒಂದು ಪ್ಲಗ್.

ಸಿಲಿಂಡರ್ ಮಾತ್ರ ಇನ್ನೂ ಅಡುಗೆಮನೆಯಲ್ಲೇ ಇದೆ. ಹೊರಗೆ ಗೂಡು ಕಟ್ಟಿಸಿ ಪೈಪ್ ಒಳಗೆ ತರಬೇಕು, ಗೋಡೆಯ ಬುಡದಲ್ಲಿ ಒಂದು ಕಿಂಡಿ ಕೊರೆಯಬೇಕು. ಗಾರೆ ಕೆಲಸದವರು ಕಾಫಿ ಕುಯ್ಲು ಮುಗಿಯಲಿ ಎಂದರು. ಕುಯ್ಲು ಮುಗಿಯಿತು, ಹೂಮಳೆ ಬಂತು, ಹೂವೂ ಉದುರಿತು. ಫೋನ್ ಎತ್ತುತ್ತಿಲ್ಲ. ನಾಪೋಕ್ಲು ಕಡೆ ಎರಡು ದಿನದ ಕೆಲಸಕ್ಕೆ ಬರುವವರು ಯಾರಾದರೂ ಗೊತ್ತಿದ್ದರೆ ಕೆಳಗೆ ಹೇಳಿ. ಜೂನ್ ಮೊದಲು ಆಗಬೇಕು.